ಕಟ್ಟಿಗೆಯ ವಿಮಾನಕ್ಕೊಂದು ಮಸಾರಿ ಹೊಲ

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂದು ನಮ್ಮ ಓಣಿಯಲ್ಲಿ ಸರಿಯಾಗಿ ಗೊತ್ತಿರುವವರು ಯಾರೂ ಇಲ್ಲ. ಅವ್ವ ತನಗೆ ತಿಳಿದಷ್ಟನ್ನು ಎಲ್ಲರಿಗೂ ಹೇಳಿದ್ದಾಳೆ: “ನನ್ನ ಮಗಳು ಮುಗಿಲಾಗ ಹೋಗೋವಕ್ಕ ಚೀಟಿ ಕೊಡಸ್ತಾಳ್ರಿ.” ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಒಂದು ವಿಮಾನ ತನ್ನ ದೇಶ ಬಿಟ್ಟು ಹೊರಟರೆ ಇಳಿಯುವ ದೇಶದ್ದಷ್ಟೇ ಅಲ್ಲ, ಬರೀ ಮೇಲಿಂದ ಹಾದುಹೋಗುವ ದೇಶದ ಒಪ್ಪಿಗೆಯೂ ಬೇಕು. ಅಂಥ ಒಪ್ಪಿಗೆಗಳನ್ನು ಕೇಳಿ ತರುವ ಹೈದರಾಬಾದಿನ ಸಣ್ಣ ಕಂಪನಿಯೊಂದಕ್ಕೆ ನಾನು ರಾಯಚೂರಿನ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ಕೆಲಸ ಮಾಡುತ್ತೇನೆ. ಒಂದು ಫ್ಯಾನು, ಒಂದು ಕಂಪ್ಯೂಟರು, ಗೋಡೆಗೆ ಬುದ್ಧನ ಪಟ. ನಾನು ಒಪ್ಪಿಗೆ ಕೊಡಿಸಿದ ವಿಮಾನಗಳಲ್ಲಿ ಒಂದನ್ನೂ ಹೋದ ಬೇಸಿಗೆಯವರೆಗೆ ಕಣ್ಣಾರೆ ಕಂಡಿರಲಿಲ್ಲ.

ಆ ಬೇಸಿಗೆಯಲ್ಲಿ ಬಂದ ವಿಮಾನ ಮಾತ್ರ ಬೇರೆಯೇ ಜಾತಿಯದು. ಅದು ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ದೂರದ ದ್ವೀಪದೇಶವೊಂದರ ಶಾಲೆಯಲ್ಲಿ ಮಕ್ಕಳಿಗೆ ಬಡಗಿ ಕೆಲಸ ಕಲಿಸಿ ನಿವೃತ್ತರಾದ ಹೆಂಗಸೊಬ್ಬರು ತಮ್ಮ ಮನೆಯಲ್ಲಿ, ತಮ್ಮ ಕೈಯಿಂದ ಕಟ್ಟಿದ್ದು. ಅದರಲ್ಲಿ ಒಬ್ಬರೇ ಕೂತು ಭೂಮಿಯನ್ನು ಒಂದು ಸುತ್ತು ಹಾಕಲು ಹೊರಟಿದ್ದರು. ಕಂಪನಿಯ ಮಾಲೀಕರು ಕಳಿಸಿದ ಫೋಟೋಗಳನ್ನು ಒಂದೊಂದಾಗಿ ತೆರೆದೆ. ಮೊದಲನೆಯದರಲ್ಲಿ ಅಡುಗೆಮನೆಯ ಮೇಜು, ಅದರ ಮೇಲೆ ತೆಳ್ಳನೆಯ ಕಟ್ಟಿಗೆ ಪಟ್ಟಿಗಳಿಂದ ಮಾಡಿದ ರೆಕ್ಕೆಯ ಪಕ್ಕೆಲುಬುಗಳು. ಅಂಟು ಆರುವವರೆಗೆ ಕದಲಬಾರದೆಂದು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಹಚ್ಚಿದ್ದರು. ಮುಂದಿನದರಲ್ಲಿ ಇಡೀ ರೆಕ್ಕೆ, ಈ ತುದಿಯಿಂದ ಆ ತುದಿಗೆ ಒಂದೇ ತುಂಡು. ಕೋಣೆಯಲ್ಲಿ ಹಿಡಿಸದೆ ಕಿಟಕಿಯಿಂದ ಹೊರಕ್ಕೆ ಚಾಚಿತ್ತು. ಆಮೇಲೆ ಅದಕ್ಕೆ ಬಟ್ಟೆ ಬಿಗಿದು ಬಿಳಿ ಬಣ್ಣ ಬಳಿದ ಚಿತ್ರ. ಕೊನೆಯದರಲ್ಲಿ ಅದು ಸಮುದ್ರದ ಮೇಲೆ ಹಾರುತ್ತಿತ್ತು. ಅವ್ವನನ್ನು ಕರೆದು ತೋರಿಸಿದೆ.

“ಇವು ಬಟ್ಟಿ ಕ್ಲಿಪ್ಪಲ್ಲೇನಬೇ?” ಎಂದಳು ಅವ್ವ.

“ಹೌದು.”

“ಕ್ಲಿಪ್ ಹಚ್ಚಿ ಕಟ್ಟಿದ್ದು ಸಮುದ್ರ ದಾಟತದೇನು?”

“ದಾಟ್ಯಾದ ಯವ್ವಾ. ಅರ್ಧ ಭೂಮಿ ಸುತ್ತಿ ಬಂದದ.”

ಅವ್ವ ಆ ಅಡುಗೆಮನೆಯ ಮೇಜನ್ನು ಬಹಳ ಹೊತ್ತು ನೋಡಿದಳು. “ಸಾಲಿ ಕಲಿಸಾಕಿ ಅಂದ್ರ ಅಕ್ಕೋರು ಅನ್ನು. ಹೆಸರು ಹಿಡದು ಕರೀಬ್ಯಾಡ,” ಎಂದಳು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಅಂದಿನಿಂದ ಆ ಪೈಲಟ್ ನಮ್ಮ ಮನೆಯಲ್ಲಿ ಅಕ್ಕೋರೇ ಆದರು.

ಕಾರ್ಖಾನೆಯ ವಿಮಾನಕ್ಕೆ ಎಲ್ಲ ದೇಶಗಳೂ ಒಪ್ಪುವ ಒಂದು ಅರ್ಹತಾಪತ್ರ ಇರುತ್ತದೆ. ಅದನ್ನು ತೋರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಆ ಪತ್ರ ಸಿಗುವುದಿಲ್ಲ. ಅದರ ಸ್ವಂತ ದೇಶ ‘ನಮ್ಮಲ್ಲಿ ಹಾರಿಕೊಳ್ಳಲಿ’ ಎಂದು ಒಂದು ಸೀಮಿತ ಪರವಾನಗಿ ಕೊಡುತ್ತದೆ. ಗಡಿ ದಾಟಿದರೆ ಅದರ ಬೆಲೆ ಮುಗಿಯಿತು; ಮುಂದಿನ ಪ್ರತಿ ದೇಶವೂ ಅದನ್ನು ತನ್ನಷ್ಟಕ್ಕೆ ಹೊಸದಾಗಿ ಒಪ್ಪಬೇಕು. ಎಂಜಿನಿನ ವಿವರ, ರೇಡಿಯೊ ಪರವಾನಗಿ, ವಿಮೆ, ಪೈಲಟ್‌ನ ಆರೋಗ್ಯ ತಪಾಸಣೆ, ಹೋಗುವ ದಾರಿ, ಎತ್ತರ, ಎಲ್ಲವನ್ನೂ ಪ್ರತಿ ದೇಶಕ್ಕೂ ಅದರದರ ಮಾದರಿಯಲ್ಲಿ ಬರೆದುಕೊಡಬೇಕು. ಕೆಲವರು ವಿಮಾನದ ಮೂರು ಬದಿಯ ಫೋಟೋ ಕೇಳಿದರು. ಒಂದು ದೇಶದವರು ಯಾವ ಮರದಿಂದ ಮಾಡಿದ್ದೆಂದು ಕೇಳಿದರು. ಅದಕ್ಕೆ ಉತ್ತರ ಬರೆಯುವಾಗ ನನಗೆ ಹೆಮ್ಮೆಯೇ ಆಯಿತು, ನಾನೇ ಕಟ್ಟಿದೆನೋ ಎಂಬಂತೆ.

ಭಾರತದ ಪಾಲಿನ ಕೆಲಸ ಬಂದಾಗ ಗಂಟು ಬಿತ್ತು. ನಮ್ಮವರು, ಪೂರ್ವದ ನೆರೆದೇಶ ಒಪ್ಪಿದ್ದನ್ನು ಮೊದಲು ತೋರಿಸಿ ಎಂದರು. ಇಲ್ಲದಿದ್ದರೆ ವಿಮಾನ ನಮ್ಮಲ್ಲೇ ಉಳಿದುಬಿಟ್ಟೀತು ಎಂಬ ಚಿಂತೆ. ಆ ನೆರೆದೇಶದವರು, ಭಾರತ ಒಪ್ಪಿದ್ದನ್ನು ತೋರಿಸಿ ಎಂದರು. ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಕೊನೆಗೆ ನೆರೆದೇಶದವರ ಕಾಲು ಹಿಡಿದಂತೆ ಬೇಡಿ, ‘ಭಾರತ ಒಪ್ಪಿದರೆ ನಮ್ಮದೂ ಒಪ್ಪಿಗೆ’ ಎಂಬ ಒಂದು ಸಾಲು ಬರೆಸಿಕೊಂಡೆ. ಅದನ್ನು ದೆಹಲಿಗೆ ಕಳಿಸಿ ನಿಶ್ಚಿಂತಳಾಗಿ ಕೂತೆ. ದೆಹಲಿಯಿಂದ ನಿರಾಕರಣೆ ಬಂತು. ಒಂದೇ ಎಂಜಿನ್, ಮನೆಯಲ್ಲಿ ಕಟ್ಟಿದ್ದು, ಕೆಳಗೆ ಜನವಸತಿ, ಪರಿಗಣಿಸಲಾಗದು.

ಅಷ್ಟು ದೇಶಗಳನ್ನು ಒಪ್ಪಿಸಿದವಳು ನನ್ನದೇ ದೇಶದ ಬಾಗಿಲಲ್ಲಿ ನಿಂತುಬಿಟ್ಟೆ. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಆ ಹೊತ್ತಿಗೆ ಅಕ್ಕೋರು ಒಮಾನ್ ದೇಶದ ಒಂದು ನಿಲ್ದಾಣದಲ್ಲಿ ಇಳಿದು ಕಾಯುತ್ತಿದ್ದರು. ವಿಡಿಯೊ ಕರೆಯಲ್ಲಿ ಅವರ ಹಿಂದೆ ವಿಮಾನ ಕಾಣುತ್ತಿತ್ತು. ನೆರಳಿನ ಶೆಡ್ಡಿನಲ್ಲಿ ಜಾಗವಿರಲಿಲ್ಲ. ರೆಕ್ಕೆಯ ಮೇಲೆ ಹೋಟೆಲಿನಿಂದ ಕೇಳಿ ತಂದ ಬಿಳಿ ಚಾದರಗಳನ್ನು ಹೊದಿಸಿ ನೀರು ಚಿಮುಕಿಸುತ್ತಿದ್ದರು.

“ಕಟ್ಟಿಗೆಗೆ ಬಿಸಿಲಿನ ಭಯವಿಲ್ಲ. ಭಯ ಅಂಟಿನದು,” ಎಂದರು. “ಒಂದು ಮಿತಿಗಿಂತ ಹೆಚ್ಚು ಕಾದರೆ ಅದು ಮೆತ್ತಗಾಗುತ್ತದೆ. ಅದಕ್ಕೇ ಬಿಳಿ ಬಣ್ಣ ಬಳಿದದ್ದು. ಆದರೆ ಇಷ್ಟು ಬಿಸಿಲಲ್ಲಿ ಇಷ್ಟು ದಿನ ನಿಲ್ಲಿಸುತ್ತೇನೆ ಎಂದು ಎಣಿಸಿರಲಿಲ್ಲ.”

ಬಂದ ದಾರಿಯಲ್ಲೇ ಹಿಂದಿರುಗೋಣವೆಂದರೆ ಹಿಂದಿನ ದೇಶಗಳ ಒಪ್ಪಿಗೆಯ ಅವಧಿ ಮುಗಿದಿತ್ತು. ಮುಂದೆ ಬರೋಣವೆಂದರೆ ನಮ್ಮ ಪಶ್ಚಿಮ ಕರಾವಳಿಗೆ ಮುಂಗಾರು ಇನ್ನೇನು ಬರುವುದರಲ್ಲಿತ್ತು. ಮಳೆ ಹಿಡಿದರೆ ಇಂಥ ಸಣ್ಣ ವಿಮಾನಕ್ಕೆ ಘಟ್ಟ ದಾಟುವ ಮಾತೇ ಇಲ್ಲ. ಕಂಪನಿಯ ಮಾಲೀಕರು ನನಗೆ ಫೋನು ಮಾಡಿ, “ಬಿಟ್ಟುಬಿಡಮ್ಮಾ, ಹಡಗಿನಲ್ಲಿ ಕಳಿಸೋಣ,” ಎಂದರು. ಹಾಗೆಂದು ಅಕ್ಕೋರಿಗೆ ತಿಳಿಸಬೇಕಾದವಳು ನಾನೇ. ತಿಳಿಸಿದೆ.

“ಹಡಗಿನ ಪೆಟ್ಟಿಗೆಯಲ್ಲಿ ಹಿಡಿಸಬೇಕಾದರೆ ರೆಕ್ಕೆಯನ್ನು ಗರಗಸದಿಂದ ಎರಡು ಮಾಡಬೇಕು,” ಎಂದರು. “ಅದು ಒಂದೇ ತುಂಡು. ಒಮ್ಮೆ ಕೊಯ್ದರೆ ಮತ್ತೆ ಕೂಡುವುದಿಲ್ಲ.” ಆಮೇಲೆ ಎದ್ದು ಹೋಗಿ ಚಾದರಕ್ಕೆ ನೀರು ಚಿಮುಕಿಸಿ ಬಂದರು. ಆ ಗರಗಸದ ಮಾತು ನನ್ನನ್ನು ಬಿಡಲಿಲ್ಲ. ಅಡುಗೆಮನೆಯ ಮೇಜಿನ ಮೇಲಿನ ಆ ಕ್ಲಿಪ್ಪುಗಳೇ ಕಣ್ಣ ಮುಂದೆ ಬರುತ್ತಿದ್ದವು.

ನಾನು ದೆಹಲಿಗೆ ಮತ್ತೆ ಮತ್ತೆ ಬರೆದೆ. ಎಂಜಿನ್ ಎಷ್ಟು ಗಟ್ಟಿ, ಎಷ್ಟು ಸಲ ತಪಾಸಣೆಯಾಗಿದೆ, ಯಾವ ಯಾವ ಸಮುದ್ರ ದಾಟಿ ಬಂದಿದೆ. ಉತ್ತರ ಅದೇ. ಕೊನೆಗೆ ಆ ವಿಭಾಗದ ಅಧಿಕಾರಿಯೇ ಫೋನಿನಲ್ಲಿ ಸಿಕ್ಕರು. ಗಡಸು ದನಿ, ಆದರೆ ಮಾತು ಸರಿಯಾಗಿತ್ತು.

“ನೀವು ಪ್ರತಿ ಸಲವೂ ಎಂಜಿನ್ ನಿಲ್ಲುವುದಿಲ್ಲ ಎಂದೇ ಬರೆಯುತ್ತೀರಿ,” ಎಂದರು. “ನಾನು ಕೇಳುತ್ತಿರುವುದು ನಿಂತರೆ ಏನು ಅಂತ. ಎಲ್ಲಿ ಇಳಿಸುತ್ತಾರೆ? ಯಾರ ತಲೆಯ ಮೇಲೆ?”

ಫೋನಿಟ್ಟ ಮೇಲೆ ಸಿಟ್ಟು ಇಳಿಯಿತು. ಆ ಮನುಷ್ಯ ಕೇಳಿದ್ದರಲ್ಲಿ ತಪ್ಪೇನಿತ್ತು? ಕೆಳಗಿರುವವರ ಪರವಾಗಿ ಒಬ್ಬರಾದರೂ ಕೇಳಬೇಕಲ್ಲ. ಅಂದೇ ನಾನು ಒಂದು ತೀರ್ಮಾನಕ್ಕೆ ಬಂದೆ. ಎಂಜಿನ್ ನಿಲ್ಲುವುದಿಲ್ಲ ಎಂದು ವಾದಿಸುವುದನ್ನು ಬಿಟ್ಟು, ನಿಂತೇ ನಿಲ್ಲುತ್ತದೆ ಎಂದುಕೊಂಡು ಅರ್ಜಿಯನ್ನು ಮೊದಲಿನಿಂದ ಬರೆಯುವುದು. ದಾರಿಯುದ್ದಕ್ಕೂ ಅದು ಎಲ್ಲಿ ನಿಂತರೆ ಎಲ್ಲಿ ಇಳಿಯಬಹುದೆಂದು ಜಾಗ ತೋರಿಸುವುದು.

ದಾರಿ ಗೋವಾದಿಂದ ಹೈದರಾಬಾದಿಗೆ. ಅಕ್ಕೋರ ವಿಮಾನ ಎಂಜಿನಿಲ್ಲದೆಯೂ ತೇಲಬಲ್ಲುದು. ಒಂದು ಕಿಲೋಮೀಟರು ಎತ್ತರದಲ್ಲಿದ್ದರೆ ಸುಮಾರು ಹತ್ತು ಕಿಲೋಮೀಟರು ದೂರ ಹೋಗಿ ಇಳಿಯುತ್ತದೆ. ಪಶ್ಚಿಮಕ್ಕೆ ಬೆಳಗಾವಿ, ಹುಬ್ಬಳ್ಳಿಯ ನಿಲ್ದಾಣಗಳಿದ್ದವು. ಹೈದರಾಬಾದಿನ ಹತ್ತಿರಕ್ಕೆ ಹೋದರೆ ಹಾರಾಟ ಕಲಿಸುವ ಮೈದಾನಗಳಿದ್ದವು. ನಡುವೆ ಏನೂ ಇಲ್ಲದೆ ಖಾಲಿ ಉಳಿದದ್ದು ನಮ್ಮ ಜಿಲ್ಲೆಯೇ. ಊರ ಹೊರಗೆ ವಿಮಾನ ನಿಲ್ದಾಣವಾಗುತ್ತದೆ ಎಂದು ನಾನು ಲಂಗ ಉಡುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ಸದ್ಯಕ್ಕಂತೂ ಅದರ ಮೇಲೆ ಯಾವ ವಿಮಾನವನ್ನೂ ಇಳಿಸುವಂತಿರಲಿಲ್ಲ.

ಉಪಗ್ರಹದ ಚಿತ್ರ ತೆರೆದು ಹುಡುಕಿದೆ. ಮಾನ್ವಿಯ ಆಚೆ, ಪೋತ್ನಾಳದ ಸುತ್ತ, ಹಲಗೆಯಂತೆ ಸಪಾಟಾದ ಕಂದು ನೆಲ. ಗಿಡವಿಲ್ಲ, ಗುಡ್ಡವಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು ಎಂದು ದಾರಿಯನ್ನೇ ದಕ್ಷಿಣಕ್ಕೆ ಬಾಗಿಸಿ, ಗುರುತು ಹಾಕಿ, ಕಣ್ಣಾರೆ ನೋಡಿ ಫೋಟೋ ತೆಗೆದು ಬರೋಣವೆಂದು ಸಿಂಧನೂರಿನ ಬಸ್ಸು ಹತ್ತಿದೆ. ಮಾನ್ವಿ ದಾಟಿತು. ಕಿಟಕಿಯಿಂದ ನೋಡುತ್ತಿದ್ದವಳಿಗೆ ಒಮ್ಮೆಲೇ ಅಳುವಂತಾಯಿತು. ಅವು ಭತ್ತದ ಗದ್ದೆಗಳು. ಕಾಲುವೆಯ ನೀರು ನಿಂತು ಎರಡನೇ ಬೆಳೆ ಕೊಯ್ದಾಗಿತ್ತು, ಅದಕ್ಕೇ ಚಿತ್ರದಲ್ಲಿ ಬರಿದಾಗಿ ಕಂಡಿದ್ದವು. ಆದರೆ ಹತ್ತು ಮಾರಿಗೊಂದು ಬದು. ಚಕ್ರ ಒಂದು ಬದುವಿಗೆ ತಾಗಿದರೆ ಸಾಕು, ವಿಮಾನ ಮಗುಚಿ ಬೀಳುತ್ತದೆ. ಈ ಸೀಮೆಯಲ್ಲಿ ಹುಟ್ಟಿದವಳು, ನಾಟಿ ಮಾಡಿದವಳ ಮಗಳು, ಗದ್ದೆಗೆ ಬದು ಇರುತ್ತದೆಂಬುದನ್ನು ಮರೆತು ಕಂಪ್ಯೂಟರಿನ ಚಿತ್ರವನ್ನು ನಂಬಿದ್ದೆ. ಟಾರು ರಸ್ತೆಯಾದರೂ ಆದೀತೇ ಎಂದರೆ ಅದರ ಅರ್ಧಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲು ಸಾಲು ಇಟ್ಟು ಒಣಗಿಸುತ್ತಿದ್ದರು. ಪೋತ್ನಾಳದಲ್ಲಿ ಇಳಿದು ಒಂದು ಚಹಾ ಕುಡಿದು ಎದುರಿನ ಬಸ್ಸಿಗೆ ಹಿಂದಿರುಗಿದೆ.

ಮನೆಗೆ ಬಂದು ಹೇಳಿದರೆ ಅವ್ವ ನಕ್ಕಳು. “ಗದ್ದ್ಯಾಗ ಕಾಲು ಇಟ್ಟು ನೋಡಿದಾಕಿ ನೀ. ಕಂಪೂಟರ್ ಬಂದ ಮ್ಯಾಲ ಕಾಲಿನ ಬುದ್ಧಿ ಹೋತು ನೋಡು.”

“ನಗಬ್ಯಾಡ ಯವ್ವಾ. ಆ ಅಕ್ಕೋರ ರೆಕ್ಕಿ ಕೊಯ್ಯತಾರ.”

ಅವ್ವನ ನಗು ನಿಂತಿತು. ಇಬ್ಬರೂ ಕೂತು ಯೋಚಿಸಿದೆವು. ಕಪ್ಪು ಎರೆಭೂಮಿ ಆಗದು, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಿರುತ್ತದೆ. ಬೇಕಾದದ್ದು ಕೆಂಪು ಮಸಾರಿ ಹೊಲ, ಮಳೆಯನ್ನೇ ನಂಬಿದ್ದು, ಉದ್ದನೆಯದು, ಮೇಲೆ ಕರೆಂಟಿನ ತಂತಿ ಇಲ್ಲದ್ದು, ಪಡುವಣ ಗಾಳಿಗೆ ಎದುರಾಗಿ ಇಳಿಯಲು ಬರುವಂಥದ್ದು. ಹಾಗಾದರೆ ದೇವದುರ್ಗದ ಕಡೆಗೇ ಹೋಗಬೇಕು. ಅಲ್ಲಿ ಅಂಥ ಹೊಲ ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ.

ಅದು ನಮ್ಮೂರು ಅರಕೇರಾದ ಗೌಡರ ಹೊಲ. ಅವ್ವ ಅಲ್ಲಿ ಕೂಲಿಗೆ ಹೋಗಿ ಹತ್ತಿ ಬಿಡಿಸಿದವಳು. ನಾನು ಅದರ ಅಂಚಿನ ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿ ಬೆಳೆದವಳು. ಹೊಲದ ಆಚೆಗೆ ನಮ್ಮ ಕೇರಿ, ಈಚೆಗೆ ಬಸ್ಸಿನ ರಸ್ತೆ. ಕೂಲಿಗೆ ಕರೆದ ದಿನವೊಂದನ್ನು ಬಿಟ್ಟು ನಮ್ಮ ಕೇರಿಯವರು ಅದರ ನಡುವೆ ಕಾಲಿಡುವಂತಿರಲಿಲ್ಲ. ಬಸ್ಸಿಗೆ ಹೊತ್ತಾಗಲಿ, ಮಳೆ ಬರಲಿ, ಹೆರಿಗೆ ನೋವೇ ಇರಲಿ, ಬದು ಹಿಡಿದು ಸುತ್ತಿಯೇ ಬರಬೇಕು. ಯಾರೂ ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆದರೂ ದೊಡ್ಡವರು ಯಾರೂ ಮೀರುತ್ತಿರಲಿಲ್ಲ.

“ನಾನೂ ಬರ್ತೀನಿ,” ಎಂದಳು ಅವ್ವ.

ಗೌಡರು ತೀರಿಕೊಂಡ ಮೇಲೆ ಹೊಲಮನೆ ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ, ಗೌಡಸಾನಿ. ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಾನು ಬಂದ ಕೆಲಸ ಹೇಳಿದೆ.

“ಅಂದ್ರ ವಿಮಾನ ನಮ್ಮ ಹೊಲದಾಗ ಬೀಳತದೇನು ತಂಗಿ?”

“ಬೀಳಂಗಿಲ್ರಿ ಅವ್ವಾರ. ಎಂಜಿನ್ ಬಂದ್ ಆದ್ರ ಅಷ್ಟ ಇಳೀತದ. ಹಂಗ ಆಗೋದೇ ಇಲ್ಲ ಅನ್ರಿ.”

“ಆಗೋದೇ ಇಲ್ಲ ಅಂದ್ರ ಕೇಳಾಕ ಯಾಕ ಬಂದಿ?”

ದೆಹಲಿಯ ಅಧಿಕಾರಿಯಿಂದ ಕಲಿತ ಪಾಠವನ್ನು ದೇವದುರ್ಗದ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ. ತಿದ್ದಿಕೊಂಡೆ. “ಆಗಬಹುದ್ರಿ. ಅದಕ್ಕ ಕೇಳಾಕ ಬಂದೀನಿ.”

“ಯಾರದಾರ ಅದರಾಗ?”

“ಒಬ್ಬರ ಅದಾರ್ರಿ. ಸಾಲಿ ಅಕ್ಕೋರು. ವಿಮಾನ ತಾವ ಕಟ್ಯಾರ.” ಫೋನಿನಲ್ಲಿ ಕ್ಲಿಪ್ಪು ಹಚ್ಚಿದ ಪಕ್ಕೆಲುಬುಗಳನ್ನು ತೋರಿಸಿದೆ. ಗೌಡಸಾನಿ ಮೊರ ಕೆಳಗಿಟ್ಟರು. ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಹೆಣ್ಣಮಗಳು ಒಬ್ಬಾಕೀನ?” ಎಂದು ಎರಡು ಸಲ ಕೇಳಿದರು.

ಹೊಲ ನೋಡಲು ಮೂವರೂ ಹೊರಟೆವು. ಗೌಡಸಾನಿ ಮುಂದೆ ನಡೆದು ಒಳಗೆ ಹೋದರು, ಅವರ ಹಿಂದೆ ನಾನು. ತಿರುಗಿ ನೋಡಿದರೆ ಅವ್ವ ಬದುವಿನ ಮೇಲೆಯೇ ನಿಂತಿದ್ದಳು.

“ಯಾಕ ನಿಂತಿಬೇ? ಬಾ,” ಎಂದರು ಗೌಡಸಾನಿ.

“ಮಗಳು ಕೇಳ್ಯಾಳ್ರಿ ಅವ್ವಾರ. ನೀವು ಇನ್ನಾ ಹೂಂ ಅಂದಿಲ್ಲ.”

“ಅದಕ್ಕೇನಬೇ, ಹೊಲ ನೋಡ್ಕೋತ ಮಾತಾಡಿದ್ರಾತು.”

“ಹೂಂ ಅನ್ರಿ ಮೊದಲ. ಮುಗಿಲಾಗ ಹೋಗೋರ ನಿಮ್ಮನ್ನ ಕೇಳಾಕತ್ತಾರಂದ್ರ, ನೆಲದ ಮ್ಯಾಲ ಇರೋರು ನಾವು ಕೇಳಲಾರದ ಹ್ಯಾಂಗ ಬರೋದು?”

ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ಗೌಡಸಾನಿ ಅವಳ ಮುಖ ನೋಡಿದರು, ಅವಳ ಕಾಲು ನೋಡಿದರು. ಒಪ್ಪಿಗೆ ಕೇಳುವುದೇ ನನ್ನ ಉದ್ಯೋಗ. ಆದರೂ ಹಾಗೆ ನಿಂತು ಕೇಳುವುದನ್ನು ನಾನು ಅಂದೇ ಕಂಡದ್ದು.

“ಹೂಂ,” ಎಂದರು ಗೌಡಸಾನಿ. “ಆಕಿ ಇಳೀಲಿ. ನೀನೂ ಬಾ.”

ಅವ್ವ ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದಳು. ಹಗ್ಗ ಹಿಡಿದು ಉದ್ದ ಅಳೆದೆವು. ಕಲ್ಲುಗಳನ್ನು ಆರಿಸಿ ಬದುವಿಗೆ ಎಸೆದೆವು. ನಾನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದೆ. ಮೇಲಿನಿಂದ ಗುರುತು ಹತ್ತಬೇಕೆಂದು ಆ ದಿನ ಹೊಲದ ನಾಲ್ಕು ಮೂಲೆಗೆ ಬಿಳಿ ಧೋತರ ಹಾಸಿ ಕಲ್ಲು ಹೇರುವುದಾಗಿ ಗೌಡಸಾನಿ ತಾವಾಗಿಯೇ ಒಪ್ಪಿದರು. ದಾರಿಯಲ್ಲಿ ಬರುವ ಇನ್ನು ಕೆಲವು ಊರುಗಳಲ್ಲೂ ಹೀಗೆಯೇ ಒಂದೊಂದು ಹೊಲ ನೋಡಿ, ಕೇಳಿ, ಅರ್ಜಿಯನ್ನು ಹೊಸದಾಗಿ ಬರೆದು ಕಳಿಸಿದೆ. ಹಾರಾಟದ ದಿನ ಶನಿವಾರ ಎಂದು ಹಾಕಿದ್ದೆ.

ದೆಹಲಿಯಿಂದ ಈ ಸಲ ಪತ್ರ ಬರಲಿಲ್ಲ, ಫೋನೇ ಬಂತು. “ಫೋಟೋ ನೋಡಿದೆ,” ಎಂದರು ಅಧಿಕಾರಿ. “ಒಳ್ಳೆಯ ಕೆಲಸ. ಆದರೆ ಇದು ಉಳುಮೆಯ ಕಾಲ. ಶನಿವಾರ ಬೆಳಿಗ್ಗೆ ಆ ಹೊಲಗಳಲ್ಲಿ ಯಾರಿರುತ್ತಾರೆ? ಜನ, ಎತ್ತು, ಟ್ರ್ಯಾಕ್ಟರು?”

ತುಂಬಾ ಜನ ಇರುತ್ತಾರೆ. ಸುಳ್ಳು ಹೇಳಲಾಗಲಿಲ್ಲ, ನಾಳೆ ತಿಳಿಸುತ್ತೇನೆಂದು ಫೋನಿಟ್ಟೆ. ಇನ್ನು ಗರಗಸವೇ ಗತಿ ಎಂದುಕೊಂಡು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ಶನಿವಾರ, ಭಾನುವಾರ, ಸೋಮವಾರ. ಸೋಮವಾರ ಎಂದೊಡನೆ ನನಗೆ ನನ್ನ ಕಾಲುಗಳ ನೆನಪಾಯಿತು. ಚಿಕ್ಕವರಿದ್ದಾಗ ಕೇರಿಯ ಮಕ್ಕಳೆಲ್ಲ ಆ ಹೊಲದ ನಡುವೆ ಓಡುತ್ತಿದ್ದದ್ದು ಸೋಮವಾರ ಮಾತ್ರ. ಬೈಯಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಎತ್ತಿನ ಹೆಗಲಿಗೆ ಅಂದು ನೊಗ ಇಡುವುದಿಲ್ಲ.

ಗೌಡಸಾನಿಗೆ ಫೋನು ಮಾಡಿದೆ. “ಈಗೂ ಸೋಮಾರ ಹೂಡಂಗಿಲ್ಲೇನ್ರಿ ಅವ್ವಾರ? ಟ್ರ್ಯಾಕ್ಟರ್ ಬಂದಾವಲ್ಲ?”

“ಟ್ರ್ಯಾಕ್ಟರ್ ಸುದ್ದಾ ಅಂಗಳದಾಗ ನಿಂದ್ರತದ ತಂಗಿ. ಅದಕ್ಕೂ ಸೂಟಿ,” ಎಂದರು.

ಉಳಿದ ಊರುಗಳಲ್ಲೂ ವಿಚಾರಿಸಿದೆ. ಎಲ್ಲ ಕಡೆ ಅದೇ ಮಾತು. ಮರುದಿನ ಅಧಿಕಾರಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ, ಆಮೇಲೆ ನಕ್ಕರು. “ನಮ್ಮ ಹಳ್ಳಿಯಲ್ಲಿ ಅಮಾವಾಸ್ಯೆಗೆ ಹೀಗೆ ಮಾಡುತ್ತಾರೆ,” ಎಂದರು. “ಅರ್ಜಿಯಲ್ಲಿ ದಿನ ಬದಲಿಸಿ. ಕಾರಣವನ್ನೂ ಬರೆಯಿರಿ. ನಾನು ಸಹಿ ಮಾಡುವಾಗ ಅದು ಕಾಗದದ ಮೇಲೆ ಇರಬೇಕು.” ಹಾಗೆ ಬಸವಣ್ಣನ ಸೋಮವಾರವೂ ಒಂದು ಅಂತರರಾಷ್ಟ್ರೀಯ ಹಾರಾಟದ ಅರ್ಜಿಯೊಳಗೆ ಸೇರಿಕೊಂಡಿತು. ಒಪ್ಪಿಗೆ ಬಂತು. ಗೋವಾದಿಂದ ಮುಂದಕ್ಕೆ ಬರುವ ಸೋಮವಾರ, ಹಗಲು ಮಾತ್ರ, ಗುರುತಿಸಿದ ದಾರಿಯಲ್ಲಿ ಮಾತ್ರ. ಅದನ್ನು ಅಕ್ಕೋರಿಗೆ ಓದಿ ಹೇಳಿದೆ. ರೆಕ್ಕೆಯ ಮೇಲಿನ ಚಾದರಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದರು.

ಸಮುದ್ರ ದಾಟಿ ಅವರು ಗೋವಾದಲ್ಲಿ ಇಳಿದರು. ಸೋಮವಾರ ಬೆಳಿಗ್ಗೆ ಅಲ್ಲಿಂದ ಎದ್ದರು ಎಂಬ ಸುದ್ದಿ ಬಂದಾಗ ನಾನು, ಅವ್ವ ಅರಕೇರಾದ ಬದುವಿನ ಮೇಲಿದ್ದೆವು. ಕಂಪ್ಯೂಟರಿನ ಮುಂದೆ ಇರಬೇಕಾದವಳು ಫೋನು ಹಿಡಿದು ಅಲ್ಲಿಗೆ ಹೋಗಿದ್ದೆ. ನಾಲ್ಕು ಮೂಲೆಗೆ ಬಿಳಿ ಧೋತರ ಹಾಸಿತ್ತು. ಗೌಡಸಾನಿ ಬೇವಿನ ನೆರಳಿಗೆ ಕೂತಿದ್ದರು. ಕಣ್ಣು ಹರಿಯುವಷ್ಟು ದೂರ ಒಂದು ಎತ್ತಿಲ್ಲ, ಒಬ್ಬ ಮನುಷ್ಯನಿಲ್ಲ. ಆದರೆ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ವಿಮಾನದಲ್ಲಿದ್ದ ಒಂದು ಸಣ್ಣ ಯಂತ್ರ ತಾನಿರುವ ಜಾಗವನ್ನು ಆಗಾಗ ನನ್ನ ಫೋನಿನ ನಕ್ಷೆಗೆ ಕಳಿಸುತ್ತಿತ್ತು. ನೀಲಿ ಚುಕ್ಕೆ ಘಟ್ಟ ಹತ್ತಿತು, ಇಳಿಯಿತು. ಬಾಗಲಕೋಟೆಯ ಈಚೆಗೆ ಬಂದು ನಿಂತುಬಿಟ್ಟಿತು. ಕಾದೆ. ಮತ್ತೆ ನೋಡಿದೆ. ಅಲ್ಲೇ ಇತ್ತು. ಎಂಜಿನ್ ನಿಂತರೆ ಏನು ಎಂದು ಅಷ್ಟು ದಿನ ಕಾಗದದ ಮೇಲೆ ಬರೆದಿದ್ದೆನಲ್ಲ, ಅದೀಗ ನಿಜವಾಯಿತೆಂದೇ ಎಣಿಸಿದೆ. ಹಡಗಿನಲ್ಲಿ ಕಳಿಸಿದ್ದರೆ ರೆಕ್ಕೆಯಷ್ಟೇ ಹೋಗುತ್ತಿತ್ತು. ಒಪ್ಪಿಗೆ ಕೊಡಿಸಿದವಳು ನಾನು.

“ಯಾರೋ ನೀರಿನ ಮೋಟ್ರ ಚಾಲೂ ಮಾಡ್ಯಾರ,” ಎಂದಳು ಅವ್ವ.

“ಇಲ್ಲಿ ಎಲ್ಲಿ ಅದಬೇ ಮೋಟ್ರ?” ಎಂದರು ಗೌಡಸಾನಿ.

ಮೂವರೂ ಒಟ್ಟಿಗೆ ತಲೆಯೆತ್ತಿದೆವು. ನಿಂತದ್ದು ಚುಕ್ಕೆ, ವಿಮಾನವಲ್ಲ. ಮೋಡದ ಅಡಿಯಲ್ಲಿ, ನಾವು ಎಣಿಸಿದ್ದಕ್ಕಿಂತ ಬಹಳ ಕೆಳಗೆ, ಬೆಳ್ಳಗೆ, ಅದು ಬರುತ್ತಿತ್ತು. ಅಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಅದರ ಉದ್ದ, ಅಗಲ, ತೂಕ ಎಲ್ಲವನ್ನೂ ಅಷ್ಟು ದೇಶಗಳಿಗೆ ಬರೆದವಳಿಗೇ ಗೊತ್ತಿರಲಿಲ್ಲ. ರೆಕ್ಕೆ ಒಂದೇ ತುಂಡಾಗಿತ್ತು, ಈ ತುದಿಯಿಂದ ಆ ತುದಿಗೆ. ಒಬ್ಬ ಹೆಂಗಸು ಅಡುಗೆಮನೆಯ ಮೇಜಿನ ಮೇಲೆ ಅಂಟಿಸಿದ ಕಟ್ಟಿಗೆ ನಮ್ಮೂರ ಮುಗಿಲಲ್ಲಿ ಹೋಗುತ್ತಿತ್ತು, ಮತ್ತು ಅದರೊಳಗೆ ಆಕೆ ಕೂತಿದ್ದರು. ನನಗೆ ಅಳು ಬಂತು, ಅತ್ತೆ. ಗೌಡಸಾನಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕೈಮುಗಿದರು. ಬಿಳಿ ಧೋತರಗಳು ಕಂಡವೋ ಏನೋ, ಸರಿಯಾಗಿ ಹೊಲದ ಮೇಲೆ ಬಂದಾಗ ವಿಮಾನ ಒಂದು ಬದಿಗೆ ಮೆಲ್ಲಗೆ ವಾಲಿತು, ಮತ್ತೆ ನೆಟ್ಟಗಾಯಿತು. ಆಮೇಲೆ ಕೃಷ್ಣೆಯ ಕಡೆ ಸಣ್ಣದಾಗುತ್ತ ಹೋಯಿತು.

ಸದ್ದು ಅಡಗಿತು.

“ಅಷ್ಟ್ ಎತ್ತರ ಹೋಗಾಕ ಅಕ್ಕೋರು ಯಾರನ್ನ ಕೇಳ್ಯಾರಬೇ?” ಎಂದಳು ಅವ್ವ, ಇನ್ನೂ ಮೇಲೆಯೇ ನೋಡುತ್ತ.

“ಅವರ ಪರವಾಗಿ ನಾ ಕೇಳೀನಲ್ಲ ಯವ್ವಾ, ಎಲ್ಲಾರನ್ನೂ.”

ಅವ್ವ ನನ್ನ ಕಡೆ ತಿರುಗಿದಳು. ನಾನು ಮಾಡುವ ಕೆಲಸ ಅವಳಿಗೆ ಆಗ ಅರ್ಥವಾಯಿತೆಂದು ನನಗನ್ನಿಸಿತು. “ನಿನ್ನ ಮಾತು ಅಲ್ಲೀತನ ಹೋಗ್ಯಾದ ನೋಡು,” ಎಂದಳು.

ದೇವದುರ್ಗದ ಬಸ್ಸಿನ ಹೊತ್ತಾಗಿತ್ತು. ನಾನು ಅಭ್ಯಾಸದಂತೆ ಬದು ಹಿಡಿದು ಹೊರಟೆ. ಹಿಂದೆ ಹೆಜ್ಜೆಯ ಸಪ್ಪಳ ಕೇಳದೆ ತಿರುಗಿ ನೋಡಿದರೆ, ಅವ್ವ ಚಪ್ಪಲಿ ಮೆಟ್ಟಿಕೊಂಡೇ ಹೊಲದ ನಟ್ಟನಡುವೆ ರಸ್ತೆಯ ಕಡೆ ನಡೆದಿದ್ದಳು. ಯಾರನ್ನೂ ಕೇಳಿರಲಿಲ್ಲ. ಗೌಡಸಾನಿ ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ. ನಾನೂ ಬದು ಇಳಿದು ಅವಳ ಹಿಂದೆ ನಡೆದೆ.